ಸೋತು ಕಲಿಯುವ ಆಟ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ವಿಡಿಯೊ ಗೇಮುಗಳ ಪರವಾಗಿ ಲೇಖನವೊಂದು ಅಚ್ಚಾಗಿರುವುದನ್ನು ಕಂಡು ಪಾಲಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಪಾಠ ಮುಗಿದ ಮೇಲೆ ಆಟ ಎಂಬುದು ಹಿರಿಯರ ಮಾತು. ಆ ಮಾತಿಗೆ ನಮ್ಮ ವಿರೋಧವಿಲ್ಲ. ಆದರೆ ಆಟದೊಳಗೂ ಒಂದು ಪಾಠವಿರಬಹುದಲ್ಲವೆ? ಅದು ಯಾವ ಆಟದಲ್ಲಿದೆ, ಯಾವುದರಲ್ಲಿ ಇಲ್ಲ? ಇದನ್ನು ವಿಚಾರಿಸುವುದು ಇಂದು ಅವಶ್ಯವಾಗಿದೆ. ಮನೆಮನೆಯ ಮೊಬೈಲಿನಲ್ಲಿಯೂ ಆಟಗಳು ತುಂಬಿರುವ ಈ ಕಾಲದಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ, ಎಲ್ಲವೂ ಒಳ್ಳೆಯದೆನ್ನುವುದಾಗಲಿ ಎಲ್ಲವೂ ಕೆಟ್ಟದೆನ್ನುವುದಾಗಲಿ ವಿವೇಕದ ಲಕ್ಷಣವಲ್ಲ.

ಈ ಸಾಲುಗಳನ್ನು ಬರೆಯುತ್ತಿರುವ ನಾವು ನಾಲ್ವರು ಕನ್ನಡ ಮಾಧ್ಯಮದ ಹಳೆಯ ವಿದ್ಯಾರ್ಥಿಗಳು. 1999ರ ಮಾರ್ಚ್ ತಿಂಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು. ಆಗ ನಮ್ಮಲ್ಲಿಬ್ಬರ ಮನೆ ಡೊಂಬಿವಲಿಯಲ್ಲಿ, ಒಬ್ಬನದು ಕಲ್ಯಾಣದಲ್ಲಿ, ಒಬ್ಬನದು ಥಾಣೆಯಲ್ಲಿ. ಈಗ ಒಬ್ಬನು ನವಿ ಮುಂಬಯಿಯ ಐರೋಲಿಯಲ್ಲಿ ಸಂಸಾರ ಹೂಡಿದ್ದಾನೆ. ಇಷ್ಟು ವರ್ಷಗಳ ಮೇಲೂ ನಮ್ಮನ್ನು ಒಂದಾಗಿ ಇರಿಸಿರುವುದು ಎರಡು ಸಂಗತಿಗಳು. ಒಂದು, ನಾವು ಕಲಿತ ಶಾಲೆ. ಮತ್ತೊಂದು, ಸುಲಭವಾಗಿ ಗೆಲ್ಲಗೊಡದ ಜಪಾನೀ ಆಟಗಳು. ಮೊದಲನೆಯದು ಕೊಟ್ಟ ವಿದ್ಯೆಯನ್ನು ಎರಡನೆಯದು ಕಾಪಾಡಿತೆಂದರೆ ವಾಚಕರು ನಗಬಾರದು. ಅದನ್ನೇ ಮುಂದೆ ವಿವರಿಸಲಿದ್ದೇವೆ.

'ಆಟ' ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ವಿಶಾಲವಾದ ಅರ್ಥವಿದೆ. ಕರಾವಳಿಯವರು "ಇವತ್ತು ರಾತ್ರಿ ಆಟವುಂಟು" ಎಂದರೆ ಚೆಂಡಾಟವೆಂದು ಯಾರೂ ತಿಳಿಯುವುದಿಲ್ಲ; ಅದು ಯಕ್ಷಗಾನ. ಉತ್ತರ ಕರ್ನಾಟಕದಿಂದ ಬಂದವರಿಗೆ ದೊಡ್ಡಾಟ, ಸಣ್ಣಾಟಗಳು ಗೊತ್ತಿವೆ. ಒಬ್ಬನು ಇನ್ನೊಬ್ಬನ ವೇಷವನ್ನು ಧರಿಸಿ, ಅವನ ಕಷ್ಟವನ್ನು ತನ್ನದಾಗಿಸಿಕೊಂಡು ರಾತ್ರಿಯಿಡೀ ನಡೆದುಕೊಳ್ಳುವುದಕ್ಕೆ ನಮ್ಮ ಹಿರಿಯರು 'ಆಟ'ವೆಂದರು. ಇಂಗ್ಲಿಷಿನವರು 'ರೋಲ್ ಪ್ಲೇಯಿಂಗ್ ಗೇಮ್' ಎಂದು ಮೂರು ಶಬ್ದಗಳಲ್ಲಿ ಹೇಳುವುದು ಇದನ್ನೇ. ವೇಷದ ಆಟವೆಂದರೆ ಸಾಕು. ಆಡುವವನು ಒಬ್ಬ ಯೋಧನ ಅಥವಾ ಅಲೆಮಾರಿಯ ಪಾತ್ರವನ್ನು ವಹಿಸಿಕೊಂಡು, ಊರೂರು ತಿರುಗಿ, ಜನರನ್ನು ಮಾತನಾಡಿಸಿ, ಕಾಳಗ ಮಾಡಿ, ಅನುಭವವನ್ನು ಗಳಿಸಿ, ಬಹು ದಿನಗಳ ಮೇಲೆ ಕಥೆಯ ಕೊನೆಯನ್ನು ಮುಟ್ಟುತ್ತಾನೆ.

ಇವುಗಳ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲು, ದಾಳಗಳಿಂದ ಆಡುವ ಆಟವದು. ಅದರ ಪ್ರೇರಣೆಯಿಂದ 1981ರಲ್ಲಿ ಕಂಪ್ಯೂಟರಿಗೆ 'ವಿಝರ್ಡ್ರಿ' ಎಂಬ ಆಟ ಬಂದಿತು. ನೆಲದಡಿಯಲ್ಲಿ 10 ಅಂತಸ್ತುಗಳ ಚಕ್ರವ್ಯೂಹ. ಪ್ರತಿಯೊಂದು ಅಂತಸ್ತಿನಲ್ಲಿ ಅಡ್ಡ 20, ಉದ್ದ 20 ಮನೆಗಳು. ಪರದೆಯ ಮೇಲೆ ನಕಾಶೆಯಿಲ್ಲ. ಆಡುವವನು ಗಣಿತದ ಗ್ರಾಫ್ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಹೆಜ್ಜೆಗೊಂದು ಮನೆಯನ್ನು ಗುರುತಿಸಿಕೊಳ್ಳಬೇಕು. ಗುರುತು ತಪ್ಪಿದವನು ಕೆಳಗೇ ಉಳಿದನು. ಅದೇ ಕಾಲದ 'ಅಲ್ಟಿಮಾ' ಎಂಬ ಇನ್ನೊಂದು ಆಟವನ್ನೂ ಈ ವಿಝರ್ಡ್ರಿಯನ್ನೂ ಮೆಚ್ಚಿದ ಜಪಾನಿನ ಯೂಜಿ ಹೋರಿಯಿಯವರು, ಮನೆಯ ಟೀವಿಯ ಮುಂದೆ ಕುಳಿತ ಸಾಮಾನ್ಯ ಬಾಲಕನೂ ಆಡಬಲ್ಲಂತೆ 1986ರಲ್ಲಿ 'ಡ್ರಾಗನ್ ಕ್ವೆಸ್ಟ್' ಎಂಬುದನ್ನು ರಚಿಸಿದರು. ಮರುವರ್ಷ ಹಿರೊನೊಬು ಸಕಗುಚಿಯವರ 'ಫೈನಲ್ ಫ್ಯಾಂಟಸಿ' ಹೊರಬಿದ್ದಿತು. ಜಪಾನಿನ ವೇಷದ ಆಟಗಳೆಂಬ ದೊಡ್ಡ ಮರದ ಬೇರುಗಳು ಇವೇ.

ಇನ್ನು ನಮ್ಮ ಕಥೆ. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಡೊಂಬಿವಲಿಯ ಮನೆಗಳಿಗೆ ಟೀವಿಗೆ ಜೋಡಿಸುವ ಆಟದ ಯಂತ್ರಗಳು ಬಂದವು. ಜಪಾನಿನ ಯಂತ್ರವೊಂದರ ನಕಲುಗಳವು. ಅವುಗಳ ಹಳದಿ ಬಣ್ಣದ ಕ್ಯಾಸೆಟ್ಟುಗಳನ್ನು ದಿನಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಕ್ಯಾಸೆಟ್ಟು ನಡೆಯದಿದ್ದರೆ ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು ಅಂದಿನ ವೈದ್ಯ. 'ಕಾಂಟ್ರಾ' ಎಂಬ ಆಟದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಂದು ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ 30 ಜೀವಗಳು ದೊರೆಯುತ್ತಿದ್ದವು. ಆ ಗುಟ್ಟು ತಿಳಿದ ದಿನ ನಾವು ಕುಣಿದಾಡಿದೆವು. ಆದರೆ ವಾರದೊಳಗೇ ಆ ಆಟ ನಮಗೆ ರುಚಿಸದಾಯಿತು. 30 ಜೀವವುಳ್ಳವನಿಗೆ ಒಂದು ಜೀವದ ಬೆಲೆ ತಿಳಿಯುವುದಿಲ್ಲ ಎಂಬುದು ಅಂದು ನಮಗೆ ಮಾತಿನಲ್ಲಿ ಹೊಳೆಯದಿದ್ದರೂ ಅನುಭವಕ್ಕೆ ಬಂದಿತ್ತು.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಗೆ ರಜೆಯಲ್ಲಿ ನಮ್ಮ ಗೆಳೆಯನ ಸೋದರಮಾವನವರು ದುಬೈಯಿಂದ ಬರುತ್ತ 'ಫೈನಲ್ ಫ್ಯಾಂಟಸಿ'ಯ ಏಳನೆಯ ಆಟವನ್ನು ತಂದುಕೊಟ್ಟರು. ಜಪಾನಿನಲ್ಲಿ 1997ರಲ್ಲಿ ಬಂದು, ಮರುವರ್ಷ ಕಂಪ್ಯೂಟರಿಗೂ ಬಂದ ಆಟವದು. ಅದರ ಆರಂಭವೇ ನಮ್ಮ ಮನಸ್ಸನ್ನು ಸೆಳೆಯಿತು. ಒಂದು ಮಹಾನಗರ, ನಿಲ್ದಾಣಕ್ಕೆ ನುಗ್ಗಿ ಬರುವ ರೈಲು, ಅದರಿಂದ ಜಿಗಿದು ಇಳಿಯುವ ನಾಯಕ. ಮೇಲೆ ಸಿರಿವಂತರ ನಗರ, ಅದರ ನೆರಳಿನಲ್ಲಿ ಬಡವರ ಕೇರಿ. ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬೆಳೆದ ನಮಗೆ ಇದು ಪರದೇಶದ ಕಥೆಯೆಂದು ತೋರಲೇ ಇಲ್ಲ.

ಆದರೆ ಮಾತುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಎಂದು ಮೂರು ನೀರಿನಲ್ಲಿ ಈಜಬಲ್ಲ ನಾವು ನಾಲ್ಕನೆಯದರಲ್ಲಿ ಮೊಣಕಾಲಿನಷ್ಟು ಆಳಕ್ಕೂ ಇಳಿದವರಲ್ಲ. ಮೊದಲನೆಯ ಮಹಾಶತ್ರುವೇ ನಮ್ಮನ್ನು ಸೋಲಿಸಿತು. ಅದೊಂದು ಯಂತ್ರದ ಚೇಳು. ಅದು ಬಾಲವನ್ನು ಎತ್ತಿ ನಿಂತಾಗ ನಾಯಕನು ಒಂದು ಎಚ್ಚರಿಕೆಯ ಮಾತನ್ನಾಡುತ್ತಾನೆ. ನಾವು ಶಬ್ದಶಬ್ದವಾಗಿ ಬಿಡಿಸಿ ಓದಿದೆವು. "ಬಾಲವೆತ್ತಿರುವಾಗ ಹೊಡೆಯಿರಿ" ಎಂದಿತ್ತು. ಹೊಡೆದೆವು. ಚೇಳು ಬಾಲದ ಕೊನೆಯಿಂದ ಬೆಂಕಿಯ ಕಿರಣವನ್ನು ಬಿಟ್ಟು ನಮ್ಮವರನ್ನು ಕೆಡವಿತು. ಮತ್ತೆ ಹೊಡೆದೆವು, ಮತ್ತೆ ಬಿದ್ದೆವು. ನಮಗೆ ಇಂಗ್ಲಿಷು ಬಾರದೆಂದೇ ಹೀಗಾಯಿತೆಂದು ನಾಲ್ವರೂ ತಲೆ ತಗ್ಗಿಸಿ ಕುಳಿತೆವು.

ಎಷ್ಟೋ ವರ್ಷಗಳ ಮೇಲೆ ನಮಗೆ ತಿಳಿದು ಬಂದುದೇನೆಂದರೆ, ಅಲ್ಲಿ ತಪ್ಪಿದ್ದು ನಮ್ಮದಲ್ಲ, ಅನುವಾದದ್ದು. "ಬಾಲವೆತ್ತಿರುವಾಗ ಹೊಡೆದರೆ ಅದು ಕಿರಣದಿಂದ ತಿರುಗಿ ಹೊಡೆಯುತ್ತದೆ" ಎಂದು ಒಂದೇ ವಾಕ್ಯವಾಗಿ ಓದಬೇಕಾದುದು ಇಂಗ್ಲಿಷಿನಲ್ಲಿ ಎರಡು ತುಂಡಾಗಿ, ಮೊದಲ ತುಂಡು ಅಪ್ಪಣೆಯಂತೆ ಕಾಣಿಸಿಕೊಂಡಿತ್ತು. ಲೋಕದಾದ್ಯಂತ ಎಷ್ಟೋ ಬಾಲಕರು, ಇಂಗ್ಲಿಷು ಮನೆಮಾತಾಗಿದ್ದವರು ಕೂಡ, ಆ ಚೇಳಿನ ಮುಂದೆ ಹೀಗೆಯೇ ಬಿದ್ದಿದ್ದಾರೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. 'ಹೊಡೆಯಿರಿ' ಎನ್ನುವುದಕ್ಕೂ 'ಹೊಡೆದರೆ' ಎನ್ನುವುದಕ್ಕೂ ನಮ್ಮ ಭಾಷೆಯಲ್ಲಿ ಒಂದು ಪ್ರತ್ಯಯದ ಅಂತರ. ಆ ಪ್ರತ್ಯಯ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುವುದರಿಂದ ಅದನ್ನು ಕಳೆದುಕೊಳ್ಳುವುದು ಕಷ್ಟ. ಜಪಾನೀ ಭಾಷೆಯೂ ಕನ್ನಡದಂತೆಯೇ ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಟ್ಟು ಅದರ ಬೆನ್ನಿಗೆ ಇಂಥ ಪ್ರತ್ಯಯಗಳನ್ನು ಹಚ್ಚುತ್ತದೆ. ವ್ಯಾಕರಣದ ತಾಸಿನಲ್ಲಿ ನಾವು ಆಕಳಿಸುತ್ತ ಕೇಳಿದ ಸಂಗತಿಯೊಂದು ಕಾಳಗದಲ್ಲಿ ಸಾವು ಬದುಕಿನ ಪ್ರಶ್ನೆಯಾಗಬಲ್ಲುದೆಂದು ನಮಗೆ ಕಲಿಸಿದ್ದು ಆ ಚೇಳು.

ಅಂದು ಮಾತ್ರ ಇದಾವುದೂ ನಮಗೆ ತಿಳಿಯದು. ನಾವು ಮಾಡಿದ್ದಿಷ್ಟೆ. ಒಂದು ನೂರು ಪುಟದ ವಹಿಯನ್ನು ತಂದೆವು. ತಿಳಿಯದ ಶಬ್ದವನ್ನೆಲ್ಲ ಎಡಕ್ಕೆ ಬರೆದು, ನಿಘಂಟನ್ನು ನೋಡಿ ಬಲಕ್ಕೆ ಕನ್ನಡದ ಅರ್ಥವನ್ನು ಬರೆದೆವು. ಮೊದಲ ಪುಟದ ಮೊದಲ ಶಬ್ದ 'ಆಂಟಿಡೋಟ್'; ಅದರೆದುರು 'ವಿಷಹಾರಿ'. ಶತ್ರುವಿನ ಮುಂದೆ ಸೋತಾಗಲೂ ಕಾರಣವನ್ನು ಬರೆಯುವುದೆಂದು ನಿಯಮವಾಯಿತು. "ಬಾಲವೆತ್ತಿದಾಗ ಸುಮ್ಮನಿರುವುದು" ಎಂಬ ಸಾಲು ಆ ವಹಿಯಲ್ಲಿ ಇಂದಿಗೂ ಇದೆ.

ಆ ಗೆಳೆಯನ ಮನೆಯಲ್ಲಿ ಅಜ್ಜನವರಿದ್ದರು. ಕಾರ್ಕಳದ ಕಡೆಯವರು, ಯಕ್ಷಗಾನದ ಹುಚ್ಚು ಹತ್ತಿದವರು. ಮೊದಲ ದಿನ ನಮ್ಮ ಹಿಂದೆ ನಿಂತು ನೋಡಿ, "ಇದೆಂಥ ಆಟ ಮಾರಾಯ? ಭಾಗವತರೇ ಇಲ್ಲ!" ಎಂದರು. ಮರುದಿನ ಕುರ್ಚಿಯೊಂದನ್ನು ತಂದು ಹಾಕಿಕೊಂಡರು. ಗುಹೆಯೊಂದರಲ್ಲಿ ಮುಂದೆ ಮುಂದೆ ನುಗ್ಗಿ, ಔಷಧಗಳೆಲ್ಲ ಮುಗಿದು, ಹಿಂದಿರುಗುವ ದಾರಿ ತಿಳಿಯದೆ ನಾವು ಸೋತಾಗ ಅವರು ನಕ್ಕು, "ಅಭಿಮನ್ಯುವಿನದೂ ಇದೇ ಕಥೆಯಲ್ಲವೋ ಮಗಾ? ಒಳಗೆ ಹೋಗುವುದಕ್ಕೆ ಮೊದಲು ಹೊರಗೆ ಬರುವ ದಾರಿಯನ್ನು ಬರೆದಿಟ್ಟುಕೊಳ್ಳಿ" ಎಂದರು. ಆ ವಹಿಯ ಹಿಂದಿನ ಪುಟಗಳು ಅಂದಿನಿಂದ ನಕಾಶೆಗಳಾದವು.

ಮೇ ತಿಂಗಳ ಒಂದು ಸಂಜೆ, ಮೂರು ತಾಸು ಆಡಿ ಇನ್ನೇನು ಉಳಿಸಿಕೊಳ್ಳಬೇಕೆನ್ನುವಷ್ಟರಲ್ಲಿ ವಿದ್ಯುತ್ತು ಹೋಯಿತು. ಗಳಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂದು ನಮ್ಮಲ್ಲೊಬ್ಬನು ಅತ್ತೇಬಿಟ್ಟನು. ಮರುದಿನ ಬೆಳಿಗ್ಗೆ ಅದೇ ಹಾದಿಯನ್ನು ಮತ್ತೆ ತುಳಿದೆವು; ನಿನ್ನೆ ಮೂರು ತಾಸು ಹಿಡಿದದ್ದು ಇಂದು ಮುಕ್ಕಾಲು ತಾಸಿನಲ್ಲಿ ಮುಗಿಯಿತು. ಯಂತ್ರದಿಂದ ಅಳಿಸಿಹೋದದ್ದು ನಮ್ಮ ತಲೆಯಿಂದ ಅಳಿಸಿಹೋಗಿರಲಿಲ್ಲ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದರ ಬೀಜ ಈ ಸಣ್ಣ ಘಟನೆಯಲ್ಲಿದೆ.

ಜೂನ್ ತಿಂಗಳು ಬಂದಿತು. ನಾಲ್ವರೂ ಹನ್ನೊಂದನೆಯ ತರಗತಿಗೆ ವಿಜ್ಞಾನವನ್ನು ಆರಿಸಿಕೊಂಡು ಕಾಲೇಜಿಗೆ ಸೇರಿದೆವು. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಬೆಂಚಿನ ಕೊನೆಯಲ್ಲಿ ಕುಳಿತು, ಹೆಸರು ಕರೆದಾಗ ಮಾತ್ರ ಬಾಯಿ ತೆರೆಯುತ್ತಿದ್ದರು. ಭೌತಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ನಮ್ಮಲ್ಲೊಬ್ಬನಿಗೆ 25ಕ್ಕೆ 6 ಅಂಕಗಳು. ಮಿಕ್ಕವರದು ಅದಕ್ಕಿಂತ ಹೇಳಿಕೊಳ್ಳುವಂಥದ್ದಲ್ಲ. "ಹತ್ತು ವರ್ಷ ಕನ್ನಡದಲ್ಲಿ ಕಲಿತದ್ದೆಲ್ಲ ವ್ಯರ್ಥವಾಯಿತು, ಮೊದಲೇ ಇಂಗ್ಲಿಷ್ ಶಾಲೆಗೆ ಹಾಕಬೇಕಾಗಿತ್ತು" ಎಂದು ನೆರೆಯವರು ಮರುಗಿದರು. ನಮ್ಮ ತಾಯಂದಿರು ಅದನ್ನು ನಂಬತೊಡಗಿದರು. ನಾವೂ ನಂಬುತ್ತಿದ್ದೆವೇನೋ. ಆದರೆ ವಹಿ ಬರೆಯುವ ಚಾಳಿ ಉಳಿದಿತ್ತು.

ಒಂದು ರವಿವಾರ ನಾಲ್ವರೂ ಕುಳಿತು ಭೌತಶಾಸ್ತ್ರದ ಪುಸ್ತಕವನ್ನು ಆ ಆಟದಂತೆಯೇ ಬಿಡಿಸಿದೆವು. ಎಡಕ್ಕೆ 'ಇನರ್ಷಿಯಾ', ಬಲಕ್ಕೆ ನಿಘಂಟಿನಿಂದ 'ಜಡತ್ವ'. ಒಬ್ಬರ ಮುಖವನ್ನೊಬ್ಬರು ನೋಡಿದೆವು. ಜಡತ್ವವೇ? ಅದು ನಮಗೆ ಚೆನ್ನಾಗಿ ಗೊತ್ತಿತ್ತು! ಲೋಕಲ್ ರೈಲು ತಟ್ಟನೆ ನಿಂತಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುವುದನ್ನೇ ಉದಾಹರಣೆಯಾಗಿ ಕೊಟ್ಟು ನಮ್ಮ ವಿಜ್ಞಾನದ ಗುರುಗಳು ಅದನ್ನು ಕಲಿಸಿದ್ದರು. 'ವೆಲಾಸಿಟಿ' ನಮ್ಮ ಹಳೆಯ ವೇಗ. 'ರಿಫ್ರ್ಯಾಕ್ಷನ್' ನಮ್ಮ ವಕ್ರೀಭವನ. 'ಫ್ರಿಕ್ಷನ್' ನಮ್ಮ ಘರ್ಷಣೆ. ವೇಷ ಬದಲಾಗಿತ್ತು, ಒಳಗಿನ ಪಾತ್ರಧಾರಿ ಅವನೇ. ನಾವು ಹೊಸ ವಿದ್ಯೆಯನ್ನು ಕಲಿಯಬೇಕಾಗಿರಲಿಲ್ಲ. ಹಳೆಯ ವಿದ್ಯೆಯ ಹೊಸ ಹೆಸರುಗಳನ್ನು ಕಲಿಯಬೇಕಾಗಿತ್ತು. ದೀಪಾವಳಿಯವರೆಗೆ ವಹಿಗಳು ಮೂರಾದವು. ವರ್ಷದ ಕೊನೆಯಲ್ಲಿ ನಾಲ್ವರೂ ಉತ್ತೀರ್ಣರಾದೆವು. ಆ 6 ಅಂಕದವನು ಮುಂದೆ ಭೌತಶಾಸ್ತ್ರವನ್ನೇ ಹಿಡಿದನು.

ಇಲ್ಲಿ ನಾವು ಡ್ರಾಗನ್ ಕ್ವೆಸ್ಟಿನ ಕಡೆಗೆ ಹಿಂದಿರುಗಬೇಕು. ಅದರ ಮೊದಲ ಆಟವು 2014ರಲ್ಲಿ ಇಂಗ್ಲಿಷಿನಲ್ಲಿ ಮೊಬೈಲಿಗೆ ಬಂದಿತು. ಕಲ್ಯಾಣದಿಂದ ಹೊರಡುವ ಲೋಕಲಿನಲ್ಲಿ, ನಿಂತುಕೊಂಡೇ, ಒಂದು ಕೈಯಲ್ಲಿ ಹಿಡಿಕೆಯನ್ನು ಹಿಡಿದು ನಾವದನ್ನು ಆಡಿ ಮುಗಿಸಿದೆವು. ಅದರ ರಚನೆಯಲ್ಲಿ ಎರಡು ಸ್ವಾರಸ್ಯಗಳಿವೆ. ಮೊದಲನೆಯದು, ನಾಯಕನು ಅರಮನೆಯಿಂದ ಹೊರಗೆ ಕಾಲಿಟ್ಟ ಕ್ಷಣದಲ್ಲಿಯೇ ನೀರಿನ ಆಚೆಯ ದಡದಲ್ಲಿ ಶತ್ರುವಿನ ಕೋಟೆ ಕಾಣುತ್ತದೆ. ಗುರಿ ಮೊದಲ ದಿನವೇ ಕಣ್ಣೆದುರಿಗಿದೆ. ಆದರೆ ಅಲ್ಲಿಗೆ ಸೇರಬೇಕಾದರೆ ಲೋಕವನ್ನೆಲ್ಲ ಸುತ್ತಬೇಕು. ಡೊಂಬಿವಲಿಯ ರೇತಿ ಬಂದರಿನಲ್ಲಿ ನಿಂತು ಖಾಡಿಯ ಆಚೆಯ ದಡವನ್ನು ನೋಡಿಕೊಂಡು ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಕಾಳಗದಲ್ಲಿ ಸತ್ತವನು ಮತ್ತೆ ರಾಜನ ಸನ್ನಿಧಿಯಲ್ಲಿ ಎದ್ದು ನಿಲ್ಲುತ್ತಾನೆ. ಅವನ ಚೀಲದಲ್ಲಿದ್ದ ಹಣದಲ್ಲಿ ಅರ್ಧ ಹೋಗಿರುತ್ತದೆ. ಆದರೆ ಅವನು ಗಳಿಸಿದ ಅನುಭವದಲ್ಲಿ ಒಂದು ಕಾಳಿನಷ್ಟೂ ಕಡಮೆಯಾಗಿರುವುದಿಲ್ಲ.

ಅರ್ಧ ಹಣ ಹೋಗುತ್ತದೆ, ಅನುಭವ ಹೋಗುವುದಿಲ್ಲ. ಕನ್ನಡ ಶಾಲೆಯಿಂದ ಹೊರಬಿದ್ದು ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಬಿದ್ದವನಿಗೆ ಆಗುವುದೂ ಇದೇ ಅಲ್ಲವೆ? ಅಂಕಗಳೆಂಬ ಹಣ ಸ್ವಲ್ಪ ಕಾಲ ಹೋಗಿರುತ್ತದೆ. ಹತ್ತು ವರ್ಷದ ಕಲಿಕೆ ಎಲ್ಲಿಗೂ ಹೋಗಿರುವುದಿಲ್ಲ. ಹೋಯಿತೆಂದು ಯಾರಾದರೂ ಹೇಳಿದರೆ ನೀವು ನಂಬಬೇಡಿರಿ.

ನಮ್ಮ ದೇಶದ ಪರಮಪದ ಸೋಪಾನ ಪಟವನ್ನು ನೀವು ಆಡಿದ್ದೀರಿ. ಹಾವು ನುಂಗಿದರೆ ಕೆಳಗೆ ಬರುತ್ತೀರಿ. ಆ ಪಟವು ಪಾಪ ಪುಣ್ಯಗಳ ಪಾಠವನ್ನು ಸೊಗಸಾಗಿ ಹೇಳುತ್ತದೆ. ಆದರೆ ಅಲ್ಲಿ ಬೀಳುವುದೂ ಏಳುವುದೂ ದಾಳದ ಕೈಯಲ್ಲಿವೆ. ಹತ್ತು ಬಾರಿ ಬಿದ್ದವನು ಹನ್ನೊಂದನೆಯ ಬಾರಿಗೆ ಜಾಣನಾಗುವುದಿಲ್ಲ. ಕಠಿಣವಾದ ವೇಷದ ಆಟದಲ್ಲಿ ಬಿದ್ದವನಿಗೆ ಬಿದ್ದುದರ ಕಾರಣ ಸಿಗುತ್ತದೆ. ಇದನ್ನು ಬಹಳ ಕಟ್ಟುನಿಟ್ಟಾಗಿ ಸಾಧಿಸಿದವರು ಹಿದೆತಾಕಾ ಮಿಯಾಝಾಕಿಯವರು. ಅವರು ನಿರ್ದೇಶಿಸಿದ 'ಡೆಮನ್ಸ್ ಸೋಲ್ಸ್' 2009ರಲ್ಲಿಯೂ 'ಡಾರ್ಕ್ ಸೋಲ್ಸ್' 2011ರಲ್ಲಿಯೂ 'ಎಲ್ಡನ್ ರಿಂಗ್' 2022ರಲ್ಲಿಯೂ ಬಂದವು. ಡಾರ್ಕ್ ಸೋಲ್ಸಿನಲ್ಲಿ ಸತ್ತರೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲಿಯೇ ಬಿದ್ದಿರುತ್ತದೆ. ಹಿಂದಿನ ಬೆಂಕಿಯ ಕುಂಡದ ಬಳಿ ಎದ್ದು, ಮತ್ತೆ ಅದೇ ಹಾದಿಯಲ್ಲಿ, ಮತ್ತೆ ಅವೇ ಶತ್ರುಗಳ ನಡುವೆ ನಡೆದು ಅಲ್ಲಿಗೆ ತಲುಪಿದರೆ ಅದನ್ನು ಹಿಂದಕ್ಕೆ ಪಡೆಯಬಹುದು. ನಡುವೆ ಇನ್ನೊಮ್ಮೆ ಸತ್ತರೆ ಅದು ಕೈಬಿಟ್ಟಂತೆಯೇ. ಸೋತ ಜಾಗಕ್ಕೆ ಬೆನ್ನು ಹಾಕಿ ಓಡುವವನಿಗೆ ಅಲ್ಲಿ ಏನೂ ದಕ್ಕುವುದಿಲ್ಲ. ಅಲ್ಲಿ ಒಬ್ಬನೇ ಶತ್ರುವಿನಿಂದ ನಾವು 40 ಸಲಕ್ಕಿಂತ ಹೆಚ್ಚು ಬಾರಿ ಸೋತದ್ದುಂಟು. 41ನೆಯ ಸೋಲು 40ನೆಯದರಂತಿರಲಿಲ್ಲ. ಶತ್ರುವಿನ ಭುಜ ಅಲುಗಿದೊಡನೆಯೇ ಬರುವ ಪೆಟ್ಟು ಯಾವುದೆಂದು ನಮಗೆ ತಿಳಿದಿತ್ತು.

ಈ ಮಿಯಾಝಾಕಿಯವರ ಬಾಲ್ಯದ ಸಂಗತಿಯೊಂದು ನಿಮಗೆ ಪ್ರಿಯವಾಗಬಹುದು. ಮನೆಯಲ್ಲಿ ಹಣದ ಅಡಚಣೆಯಿದ್ದುದರಿಂದ ಅವರು ಗ್ರಂಥಾಲಯದಿಂದ ಪುಸ್ತಕಗಳನ್ನು ತಂದು ಓದುತ್ತಿದ್ದರು. ಅವುಗಳಲ್ಲಿ ಇಂಗ್ಲಿಷಿನವೂ ಇದ್ದವು, ಪೂರ್ತಿ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಕಡೆಗಳನ್ನು ಚಿತ್ರಗಳ ಸಹಾಯದಿಂದ ತಮ್ಮ ಕಲ್ಪನೆಯಲ್ಲಿಯೇ ತುಂಬಿಕೊಳ್ಳುತ್ತಿದ್ದರು. ಮುಂದೆ ಅವರ ಆಟಗಳಲ್ಲಿ ಕಥೆಯನ್ನು ಪೂರ್ತಿ ಹೇಳದೆ ತುಣುಕು ತುಣುಕಾಗಿ ಬಿಟ್ಟಿರುವುದಕ್ಕೆ ಆ ಓದೇ ಮೂಲವೆಂದು ಅವರು ಹೇಳಿಕೊಂಡಿದ್ದಾರೆ. ಅರೆಬರೆ ತಿಳಿದ ಭಾಷೆಯ ಮುಂದೆ ನಾಚಿಕೊಂಡು ಪುಸ್ತಕ ಮುಚ್ಚಿದ್ದರೆ ಅವರ ಕಲೆ ಹುಟ್ಟುತ್ತಿರಲಿಲ್ಲ. 29ನೆಯ ವಯಸ್ಸಿನಲ್ಲಿ, ಬೇರೆ ಕಂಪೆನಿಯ ನೌಕರಿಯನ್ನು ಬಿಟ್ಟು, ಅವರು ಈ ಕಸಬಿಗೆ ಬಂದರು. ಹತ್ತು ವರ್ಷಗಳಲ್ಲಿ, 2014ರಲ್ಲಿ, 'ಫ್ರಮ್‌ಸಾಫ್ಟ್‌ವೇರ್' ಎಂಬ ಅದೇ ಸಂಸ್ಥೆಯ ಅಧ್ಯಕ್ಷರಾದರು.

ಇನ್ನೊಂದು ಸಂಗತಿ. ಹಿಮ ಬಿದ್ದ ಏರಿನಲ್ಲಿ ಅವರ ಕಾರು ಸಿಕ್ಕಿಕೊಂಡಾಗ, ಹಿಂದಿನ ಕಾರುಗಳವರು ಒಬ್ಬರನ್ನೊಬ್ಬರು ತಳ್ಳುತ್ತ ಎಲ್ಲರನ್ನೂ ಮೇಲಕ್ಕೆ ಹತ್ತಿಸಿದರಂತೆ. ನಿಂತರೆ ಮತ್ತೆ ಸಿಕ್ಕಿಬೀಳುವ ಭಯ. ಧನ್ಯವಾದ ಹೇಳಲೂ ಅವಕಾಶವಿಲ್ಲ. ಅಪರಿಚಿತರು ಬಂದು ನೆರವಾಗಿ ಮಾಯವಾಗುವ ಈ ರೀತಿಯನ್ನೇ ಅವರು ತಮ್ಮ ಆಟದಲ್ಲಿ ಇಟ್ಟರು. ನೆಲದ ಮೇಲೆ ಬೇರೊಬ್ಬ ಆಟಗಾರನು ಬರೆದಿಟ್ಟ ಎಚ್ಚರಿಕೆಯ ಸಾಲು ನಮ್ಮನ್ನು ಎಷ್ಟೋ ಬಾರಿ ಉಳಿಸಿದೆ. ಥಾಣೆಯ ನಿಲ್ದಾಣದಲ್ಲಿ ಹೊರಟ ರೈಲಿನ ಬಾಗಿಲಿನಿಂದ ಚಾಚಿದ, ಯಾರದೆಂದು ತಿಳಿಯದ ಕೈಯನ್ನು ಹಿಡಿದು ಹತ್ತಿದ ತಪ್ಪನ್ನು ನಾವೂ ಎಳೆತನದಲ್ಲಿ ಮಾಡಿದವರು. ಆ ತಪ್ಪನ್ನು ನೀವು ಮಾಡಕೂಡದು; ಆ ಕೈಯನ್ನು ಮಾತ್ರ ಮರೆಯಲಾಗದು.

ಇಷ್ಟೆಲ್ಲ ಹೊಗಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲನೆಯದು ಕಾಲ. ಇಂಥ ಒಂದು ಆಟಕ್ಕೆ 40, 60, ಕೆಲವಕ್ಕೆ 100 ತಾಸುಗಳು ಬೇಕು. ಜಪಾನಿನಲ್ಲಿಯೇ 1988ರ ಫೆಬ್ರವರಿ 10ರಂದು, ಬುಧವಾರ, ಡ್ರಾಗನ್ ಕ್ವೆಸ್ಟಿನ ಮೂರನೆಯ ಆಟ ಮಾರಾಟಕ್ಕೆ ಬಂದಾಗ ಶಾಲೆಗೆ ಚಕ್ಕರ್ ಹೊಡೆದ ಮಕ್ಕಳು ಅಂಗಡಿಗಳ ಮುಂದೆ ಸಾಲುಗಟ್ಟಿ, ಪೊಲೀಸರು ಅವರನ್ನು ಹಿಡಿದು ಬುದ್ಧಿ ಹೇಳಬೇಕಾಯಿತು. ನಾವೂ ಸಾಧುಗಳಲ್ಲ. ಹನ್ನೆರಡನೆಯ ತರಗತಿಯಲ್ಲಿ ನಮ್ಮಲ್ಲೊಬ್ಬನು ಪರೀಕ್ಷೆಯ ಹಿಂದಿನ ವಾರವೂ ಆಡುತ್ತ ಕುಳಿತು, ಬಯಸಿದ ಕಾಲೇಜನ್ನು 2 ಅಂಕಗಳಿಂದ ಕಳೆದುಕೊಂಡನು. ಚೇಳಿನ ಬಾಲವನ್ನು ಗುರುತಿಸಬಲ್ಲವನಿಗೆ ಗಡಿಯಾರದ ಮುಳ್ಳು ಕಾಣಿಸಲಿಲ್ಲ. ಆಟದಲ್ಲಿ ಕಲಿತದ್ದನ್ನು ಆಟದಿಂದ ಹೊರಕ್ಕೆ ತರದವನು ಏನನ್ನೂ ಕಲಿತವನಲ್ಲ.

ಎರಡನೆಯದು, ಈ ಆಟಗಳು ಲೋಕದ ಪುರಾಣಗಳನ್ನೆಲ್ಲ ಕಲಸಿ ಬಳಸುತ್ತವೆ. 1990ರ ಫೈನಲ್ ಫ್ಯಾಂಟಸಿಯ ಮೂರನೆಯ ಆಟದಲ್ಲಿ 'ಶಿವಾ' ಎಂಬ ಹೆಸರಿನವಳು ಹಿಮದ ಹೆಣ್ಣು! ಅಜ್ಜನವರಿಗೆ ಇದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಹಿಮ ಎಂಬುದೊಂದು ಸರಿಯುಂಟು, ಉಳಿದದ್ದನ್ನು ನಮ್ಮಲ್ಲಿ ಕೇಳಬೇಕಿತ್ತು" ಎಂದರು. ಸರಿಯಾದುದು ಯಾವುದೆಂದು ತಿಳಿದವನು ಮಾತ್ರ ಹೀಗೆ ನಗಬಲ್ಲನು. ನಮ್ಮ ಪುರಾಣವನ್ನು ನಾವು ಓದದಿದ್ದರೆ ಹೊರಗಿನವರ ಕಲಬೆರಕೆಯೇ ನಮಗೆ ಮೂಲವಾಗಿ ತೋರೀತು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಇಂದು ಮೊಬೈಲಿನಲ್ಲಿ ಬಿಟ್ಟಿಯಾಗಿ ಬರುವ ಆಟಗಳಲ್ಲಿ ಬಹಳಷ್ಟು, ಸೋತವನಿಗೆ ಕಾರಣವನ್ನು ಹೇಳುವುದಿಲ್ಲ, ಬೆಲೆಯನ್ನು ಹೇಳುತ್ತವೆ. ಇಷ್ಟು ರೂಪಾಯಿ ಕೊಟ್ಟರೆ ಒಳ್ಳೆಯ ಖಡ್ಗ, ಇನ್ನಷ್ಟು ಕೊಟ್ಟರೆ ಬಲಶಾಲಿಯಾದ ಯೋಧ; ಅದೂ ಪೆಟ್ಟಿಗೆ ತೆರೆದಾಗ ಏನು ಬರುವುದೋ ತಿಳಿಯದು. ಇದಕ್ಕೆ 'ಗಾಚಾ' ಎಂದು ಹೆಸರು. ನಾಣ್ಯ ಹಾಕಿ ತಿರುಪಿದರೆ ಯಾವುದೋ ಒಂದು ಆಟಿಕೆಯನ್ನು ಉದುರಿಸುವ ಜಪಾನೀ ಯಂತ್ರದಿಂದ ಬಂದ ಶಬ್ದವದು. ಮಕ್ಕಳು ಇದರಲ್ಲಿ ವಿಪರೀತ ಹಣ ಸುರಿಯತೊಡಗಿದುದರಿಂದ ಜಪಾನಿನ ಸರಕಾರವೇ 2012ರಲ್ಲಿ ಇದರ ಒಂದು ಬಗೆಯನ್ನು ಕಾಯಿದೆಗೆ ವಿರುದ್ಧವೆಂದು ಸಾರಿತು. ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ, ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಅದೃಷ್ಟದವಾಗಲಿ ಕೌಶಲದವಾಗಲಿ, ನಿಷೇಧಿಸಿತು. ಇದು ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ. ಆದರೆ ಖಡ್ಗ ಮಾರುವ ಆಟಗಳು ಪಣದ ಆಟಗಳಲ್ಲವೆಂದು ಹೇಳಿಕೊಂಡು ನಿಮ್ಮ ಕೈಯಲ್ಲಿಯೇ ಇವೆ. ಅಲ್ಲಿ ನಿಮ್ಮ ವಿವೇಕವೇ ಕಾಯಿದೆಯಾಗಬೇಕು. ಧರ್ಮರಾಯನು ದ್ಯೂತದಲ್ಲಿ ಒಮ್ಮೆ ಎಲ್ಲವನ್ನೂ ಸೋತನು. ಮರಳಿ ಸಿಕ್ಕ ಮೇಲೆ ಎರಡನೆಯ ಬಾರಿಯೂ ಕುಳಿತು ಸೋತನು. ಅಂಥ ಧರ್ಮಜ್ಞನಿಗೂ ಆ ಸೋಲಿನಿಂದ ಏನೂ ತಿಳಿಯಲಿಲ್ಲ. ಏಕೆಂದರೆ ಆ ಆಟದಲ್ಲಿ ತಿಳಿಯುವಂಥದ್ದೇ ಇರಲಿಲ್ಲ. ಸೋಲಿನಲ್ಲಿ ಭೇದವಿದೆ. ಒಂದು ಸೋಲು ಕಲಿಸುತ್ತದೆ, ಒಂದು ಸೋಲು ಸುಲಿಯುತ್ತದೆ. ಯಾವ ಆಟವನ್ನು ಆಡುವ ಮೊದಲೂ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಇಲ್ಲಿ ನಾನು ಸೋತರೆ ನನಗೆ ಕಾರಣ ದೊರೆಯುವುದೋ, ಬೆಲೆಯ ಚೀಟಿ ದೊರೆಯುವುದೋ?

ಆಟವನ್ನು ಗಂಭೀರವಾಗಿ ಚಿಂತಿಸುವುದು ಪರದೇಶದಿಂದ ಬಂದ ಚಟವೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಸ್ವತಃ ಅನೇಕ ಮಣೆಯಾಟಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ' ಎಂಬ ಮಹಾಸಂಗ್ರಹದ ಕೌತುಕನಿಧಿಯೆಂಬ ಭಾಗ ಆಟಗಳಿಗೇ ಮೀಸಲು. ಚೌಕಾಬಾರ, ಅಳಗುಳಿಮಣೆ, ಪಗಡೆಗಳನ್ನು ಆಡಿದ ಜನ ನಾವು. ಜಪಾನಿನವರು ಅಮೆರಿಕದ ಆಟವನ್ನು ತಂದು ತಮ್ಮದಾಗಿ ಮಾಡಿಕೊಂಡರು. ನಿಮ್ಮಲ್ಲಿ ಯಾರಾದರೊಬ್ಬರು ಮುಂದೆ ಬಯಲಾಟದ ವೇಷವನ್ನೂ ಚಕ್ರವ್ಯೂಹದ ನಕಾಶೆಯನ್ನೂ ಕೂಡಿಸಿ ಕನ್ನಡದಲ್ಲಿ ಮಾತನಾಡುವ ಆಟವನ್ನು ರಚಿಸಿದರೆ, ಅದರ ಮೊದಲ ಮಹಾಶತ್ರುವಿನ ಮುಂದೆ ಸೋಲುವುದಕ್ಕೆ ನಾವು ನಾಲ್ವರು ಸಂತೋಷದಿಂದ ಸಾಲಿನಲ್ಲಿ ನಿಲ್ಲುತ್ತೇವೆ.

ಅಜ್ಜನವರು ಈಗಿಲ್ಲ. ಆ ಕಂಪ್ಯೂಟರು ಎಂದೋ ಗುಜರಿಗೆ ಹೋಯಿತು. ವಹಿ ಮಾತ್ರ ಐರೋಲಿಯ ಗೆಳೆಯನ ಮನೆಯಲ್ಲಿದೆ. ಕಳೆದ ಗಣೇಶ ಚೌತಿಗೆ ನಾವೆಲ್ಲ ಅಲ್ಲಿ ಸೇರಿದಾಗ, ಏಳನೆಯ ತರಗತಿಯಲ್ಲಿ ಓದುವ ಅವನ ಮಗಳು ಅದನ್ನು ತೆರೆದು ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು: ಆಂಟಿಡೋಟ್, ವಿಷಹಾರಿ. "ಇದನ್ನು ನಾನು ಮುಂದುವರಿಸಲೇ ಅಪ್ಪಾ? ಕೊನೆಯಲ್ಲಿ ಹದಿನಾಲ್ಕು ಪುಟ ಖಾಲಿ ಇವೆ" ಎಂದು ಕೇಳಿದಳು. ಅವನು ಒಪ್ಪಿ, ಪೆನ್ನನ್ನು ಅವಳ ಕೈಗೆ ಕೊಟ್ಟನು.